ಕೊನೇ ದಿನದ ಸಹಿ



ಇವತ್ತು ಡಿಸೆಂಬರ್ 9. ಮೊನ್ನೆ 6ಕ್ಕೆ ಬಾಬಾಸಾಹೇಬರ ಪರಿನಿಬ್ಬಾಣ ದಿನ ಮುಗಿಸಿದ್ದೇವೆ. ನಾಳೆ 10ಕ್ಕೆ ಮಾನವ ಹಕ್ಕುಗಳ ದಿನ. ಇವೆರಡರ ಮಧ್ಯೆ ಬರೋ ಇವತ್ತಿನ ದಿನವನ್ನ ನಮ್ಮ ಸಂಘಟನೆಗಳು ಅಷ್ಟಾಗಿ ಗಮನಿಸಲ್ಲ. ಇವತ್ತು ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಭ್ರಷ್ಟಾಚಾರ ವಿರೋಧಿ ದಿನ. ಈ ದಿನಕ್ಕೆ ಒಂದು ಇತಿಹಾಸ ಇದೆ. ಅದರಲ್ಲಿ ನಮ್ಮ ಸರ್ಕಾರದ ಪಾತ್ರವೂ ಇದೆ, ನಮ್ಮ ಕೋಲಾರದ ಪಾತ್ರವೂ ಇದೆ, ನಮ್ಮಪ್ಪನ ಒಂದು ಬೋರ್‌ವೆಲ್ಲಿನ ಕಥೆಯೂ ಇದೆ. ಪೋಸ್ಟ್ ಉದ್ದ ಆಗುತ್ತೆ. ಬಸ್ಸಲ್ಲಿ ಕೂತಾಗಲಾದ್ರೂ ಪೂರ್ತಿ ಓದಿ.

ನಾನು ಗುಮಾಸ್ತ. ಫೈಲು ಕಟ್ಟೋದು, ಟಿಪ್ಪಣಿ ಹಾಕೋದು, ಸಹಿಗೆ ಇಡೋದು ನನ್ನ ಕೆಲಸ. ಪ್ರತಿ ವರ್ಷ ಅಕ್ಟೋಬರ್ ಕೊನೆಗೆ ಜಾಗೃತಿ ಸಪ್ತಾಹ ಅಂತ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಪ್ರತಿಜ್ಞೆ ಹೇಳಿಸ್ತಾರೆ. ಅದರಲ್ಲಿ ಮುಖ್ಯವಾಗಿ ಮೂರು ಮಾತು. ಲಂಚ ತಗೊಳ್ಳಲ್ಲ. ಲಂಚ ಕೊಡಲ್ಲ. ಎಲ್ಲಾದ್ರೂ ಕಂಡರೆ ಸಂಬಂಧಪಟ್ಟವರಿಗೆ ತಿಳಿಸ್ತೀನಿ. ಮೊದಲ ಎರಡು ಮಾತು ಹೇಳುವಾಗ ಯಾರ ಗಂಟಲೂ ಕಟ್ಟಲ್ಲ. ಮೂರನೇದು ಹೇಳುವಾಗ ಮಾತ್ರ ನನಗೆ ಪ್ರತಿ ಸಲ ಒಂದು ಪ್ರಶ್ನೆ ಬರುತ್ತೆ: ತಿಳಿಸಿದವನ ಗತಿ ಏನು?

ಈ ಲೇಖನ ಆ ಮೂರನೇ ಮಾತಿನ ಬಗ್ಗೆ.

ವಿಯೆನ್ನಾದಿಂದ ಮೆರಿಡಾಗೆ

2002 ಮತ್ತು 2003ರಲ್ಲಿ ಆಸ್ಟ್ರಿಯಾದ ವಿಯೆನ್ನಾದಲ್ಲಿ ಜಗತ್ತಿನ ದೇಶಗಳೆಲ್ಲ ಕೂತು ಭ್ರಷ್ಟಾಚಾರದ ವಿರುದ್ಧ ಒಂದು ಒಡಂಬಡಿಕೆಯ ಕರಡು ಮಾಡಿದವು. 2003ರ ಅಕ್ಟೋಬರ್ 31ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಅದನ್ನ ಅಂಗೀಕರಿಸಿತು. ಒಟ್ಟು 71 ವಿಧಿಗಳು. ಲಂಚ ಕೊಡೋದು, ತಗೊಳ್ಳೋದು ಅಪರಾಧ ಆಗಬೇಕು. ಒಂದು ದೇಶದ ಕಂಪನಿ ಇನ್ನೊಂದು ದೇಶದ ಅಧಿಕಾರಿಗೆ ಲಂಚ ಕೊಟ್ಟರೆ ಅದೂ ಅಪರಾಧ ಆಗಬೇಕು. ಕದ್ದು ಹೊರದೇಶಕ್ಕೆ ಸಾಗಿಸಿದ ದುಡ್ಡು ವಾಪಸ್ ಬರಬೇಕು. ಸಾಕ್ಷಿಗಳಿಗೆ ರಕ್ಷಣೆ ಬೇಕು. ದೂರು ಕೊಟ್ಟವನಿಗೆ ತೊಂದರೆ ಆಗಬಾರದು. ಇಂಥವೆಲ್ಲ ಅದರಲ್ಲಿವೆ.

2003ರ ಡಿಸೆಂಬರ್ 9ರಿಂದ 11ರವರೆಗೆ ಮೆಕ್ಸಿಕೋ ದೇಶದ ಮೆರಿಡಾ ಅನ್ನೋ ಊರಲ್ಲಿ ಸಹಿ ಸಮಾರಂಭ ಆಯಿತು. ಅದಕ್ಕೇ ಡಿಸೆಂಬರ್ 9 ಈ ದಿನವಾಯಿತು. ಆ ಮೂರು ದಿನದಲ್ಲೇ 90ಕ್ಕೂ ಹೆಚ್ಚು ದೇಶಗಳು ಸಹಿ ಹಾಕಿದವು. ಆಫ್ರಿಕಾದ ಕೀನ್ಯಾ ಅದೇ ದಿನ ಸಹಿಯನ್ನೂ ಹಾಕಿ, ಅನುಮೋದನೆ ಪತ್ರವನ್ನೂ ಕೊಟ್ಟುಬಿಟ್ಟಿತು. ಭಾರತ ಮೆರಿಡಾದಲ್ಲಿ ಸಹಿ ಹಾಕಲಿಲ್ಲ.

ಮೆರಿಡಾ ಸಮಾರಂಭಕ್ಕೆ ಸರಿಯಾಗಿ 12 ದಿನ ಮೊದಲು, ನವೆಂಬರ್ 27ರ ಬೆಳಗಿನ ಜಾವ, ಬಿಹಾರದ ಗಯಾದಲ್ಲಿ ಸತ್ಯೇಂದ್ರ ದುಬೆ ಅನ್ನೋ ಎಂಜಿನಿಯರ್‌ಗೆ ಗುಂಡು ಹೊಡೆದು ಕೊಂದರು. ಐಐಟಿ ಕಾನ್ಪುರದಲ್ಲಿ ಓದಿದವರು, ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದಲ್ಲಿ ಕೆಲಸ. ಸುವರ್ಣ ಚತುಷ್ಪಥ ಹೆದ್ದಾರಿ ಕಾಮಗಾರಿಯಲ್ಲಿ ನಡೀತಿದ್ದ ಅಕ್ರಮದ ಬಗ್ಗೆ ಒಂದು ವರ್ಷ ಮೊದಲೇ ಪ್ರಧಾನಿ ಕಚೇರಿಗೆ ಪತ್ರ ಬರೆದಿದ್ದರು. ನನ್ನ ಹೆಸರು ಗುಟ್ಟಾಗಿಡಿ ಅಂತ ಕೇಳಿಕೊಂಡಿದ್ದರು. ಆ ಪತ್ರ ಹೆಸರಿನ ಸಮೇತ ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಓಡಾಡಿತು. ಸಿಬಿಐ ತನಿಖೆ ಮಾಡಿ ಇದು ದರೋಡೆಗಾಗಿ ಆದ ಕೊಲೆ ಅಂತ ಹೇಳಿತು. ಮನೆಯವರು ಅದನ್ನ ಒಪ್ಪಲಿಲ್ಲ. ಕೊಂದವರು ಯಾರೇ ಆಗಿರಲಿ, ಗುಟ್ಟಾಗಿಡಿ ಅಂದ ಹೆಸರನ್ನ ಗುಟ್ಟಾಗಿಡದೇ ಹೋದದ್ದು ಸರ್ಕಾರ. ಅದರಲ್ಲಿ ಎರಡು ಮಾತಿಲ್ಲ.

ಫೈಲು ಕಟ್ಟೋ ಕೆಲಸ ಮಾಡೋ ನನಗೆ ಇದು ಚೆನ್ನಾಗಿ ಅರ್ಥ ಆಗುತ್ತೆ. ಒಂದು ದೂರು ಬಂದರೆ ಅದಕ್ಕೆ ಮೇಲೊಂದು ಪತ್ರ ಲಗತ್ತಿಸಿ "ಸೂಕ್ತ ಕ್ರಮಕ್ಕಾಗಿ" ಅಂತ ಕೆಳಗೆ ಕಳಿಸ್ತೀವಿ. ಕೆಳಗೆ ಅಂದ್ರೆ ಎಷ್ಟೋ ಸಲ ಯಾರ ಮೇಲೆ ದೂರು ಇದೆಯೋ ಅವರ ಟೇಬಲ್ಲಿಗೇ. ದೂರುದಾರನ ಹೆಸರು, ಊರು, ಫೋನ್ ನಂಬರ್ ಸಮೇತ.

ಇದು ಆಗುತ್ತೆ ಅಂತ ಸರ್ಕಾರಕ್ಕೆ ಗೊತ್ತಿರಲಿಲ್ಲವಾ? ಗೊತ್ತಿತ್ತು. ದುಬೆ ಪತ್ರ ಬರೆಯೋಕ್ಕೂ ಮೊದಲೇ, 2001ರ ಡಿಸೆಂಬರಲ್ಲಿ, ಕಾನೂನು ಆಯೋಗ ತನ್ನ 179ನೇ ವರದಿಯಲ್ಲಿ ದೂರುದಾರರ ರಕ್ಷಣೆಗೆ ಕಾನೂನು ಬೇಕು ಅಂತ ಹೇಳಿ ಕರಡನ್ನೂ ಬರೆದುಕೊಟ್ಟಿತ್ತು. ದುಬೆ ಸತ್ತ ಮೇಲೆ, 2004ರ ಏಪ್ರಿಲಲ್ಲಿ, ಸರ್ಕಾರ ಒಂದು ನಿರ್ಣಯ ಹೊರಡಿಸಿ ಕೇಂದ್ರ ಜಾಗೃತ ಆಯೋಗಕ್ಕೆ ಗುಟ್ಟಾಗಿ ದೂರು ಕೊಡಬಹುದು ಅಂತ ಮಾಡಿತು. ಅದು ನಿರ್ಣಯ ಅಷ್ಟೇ, ಕಾಯ್ದೆ ಆಗಿರಲಿಲ್ಲ. ರಾಜ್ಯ ಸರ್ಕಾರದ ಕಚೇರಿಗಳಿಗೆ ಅದು ತಾಗುತ್ತಲೂ ಇರಲಿಲ್ಲ.

ಕೆಜಿಎಫ್‌ನ ಮಂಜುನಾಥ್

ಎರಡು ವರ್ಷ ಕಳೀತು. 2005ರ ನವೆಂಬರ್ 19. ಈ ಸಲ ಕೊಲೆಯಾದದ್ದು ನಮ್ಮ ಹುಡುಗ. ಷಣ್ಮುಗಂ ಮಂಜುನಾಥ್, ಕೋಲಾರದ ಕೆಜಿಎಫ್‌ನವರು. ಮೈಸೂರಿನ ಜಯಚಾಮರಾಜೇಂದ್ರ ಕಾಲೇಜಲ್ಲಿ ಎಂಜಿನಿಯರಿಂಗ್, ಆಮೇಲೆ ಲಖನೌ ಐಐಎಂನಲ್ಲಿ ಓದು. ಇಂಡಿಯನ್ ಆಯಿಲ್ ಕಂಪನಿಯಲ್ಲಿ ಅಧಿಕಾರಿಯಾಗಿ ಉತ್ತರ ಪ್ರದೇಶದ ಲಖೀಂಪುರ ಖೇರಿಗೆ ಹೋದರು. ಕಲಬೆರಕೆ ಮಾಡ್ತಿದ್ದ ಪೆಟ್ರೋಲ್ ಬಂಕ್‌ಗೆ ಬೀಗಮುದ್ರೆ ಹಾಕಿಸಿದ್ದಕ್ಕೆ ಅವರನ್ನ ಗುಂಡಿಟ್ಟು ಕೊಂದರು. ವಯಸ್ಸು 27.

ಅವತ್ತು ನನಗೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು. ನಮ್ಮ ಊರಿಂದ ಕೆಜಿಎಫ್‌ಗೆ ಬಸ್ಸಲ್ಲಿ ಹೋಗಬಹುದು. ಪೇಪರಲ್ಲಿ ಆ ಫೋಟೋ ನೋಡಿದ್ದು ಇನ್ನೂ ಕಣ್ಣಲ್ಲಿದೆ. ಈ ಕೇಸಲ್ಲಿ ಶಿಕ್ಷೆ ಆಯಿತು. ಕೆಳಗಿನ ಕೋರ್ಟು, ಹೈಕೋರ್ಟು ದಾಟಿ 2015ರಲ್ಲಿ ಸುಪ್ರೀಂ ಕೋರ್ಟು ಜೀವಾವಧಿ ಶಿಕ್ಷೆ ಎತ್ತಿಹಿಡಿಯಿತು. ಹತ್ತು ವರ್ಷ ಹಿಡೀತು ನಿಜ, ಆದರೂ ಆಯಿತು. ಅದಕ್ಕೆ ಅವರ ಜೊತೆ ಓದಿದವರು ಬೆನ್ನುಹತ್ತಿ ನಿಂತದ್ದೂ ಕಾರಣ. ಎಲ್ಲರಿಗೂ ಐಐಎಂ ಸಹಪಾಠಿಗಳು ಇರಲ್ಲವಲ್ಲ.

ಮಂಜುನಾಥ್ ಸತ್ತ 20ನೇ ದಿನ, 2005ರ ಡಿಸೆಂಬರ್ 9ರಂದು, ಭಾರತ ಆ ಒಡಂಬಡಿಕೆಗೆ ಸಹಿ ಹಾಕಿತು. ಕೊಲೆಯಿಂದ ಸರ್ಕಾರದ ಮನಸ್ಸು ಕರಗಿತು ಅಂದ್ಕೋಬೇಡಿ. ಒಡಂಬಡಿಕೆಯ 67ನೇ ವಿಧಿ ತೆಗೆದು ನೋಡಿ. ಸಹಿಗೆ ಇಟ್ಟಿದ್ದ ಗಡುವು 2005ರ ಡಿಸೆಂಬರ್ 9. ಅಂದ್ರೆ ಭಾರತ ಸಹಿ ಹಾಕಿದ್ದು ಎರಡು ವರ್ಷದ ಗಡುವಿನ ಕಟ್ಟಕಡೆಯ ದಿನ. ನಮ್ಮ ಮಕ್ಕಳು ವಿದ್ಯಾರ್ಥಿವೇತನದ ಅರ್ಜಿಯನ್ನ ಕೊನೇ ದಿನ ಸಲ್ಲಿಸಿದ್ರೆ ಇಷ್ಟು ದಿನ ಏನ್ ಮಾಡ್ತಿದ್ರಿ ಅಂತ ಬೈದು ಕಳಿಸೋ ಸರ್ಕಾರವೇ ಇದು.

ನಿಶ್ಚಿತಾರ್ಥ ಆಯಿತು, ಮದುವೆ ಆಗಲಿಲ್ಲ

ಅಂತರರಾಷ್ಟ್ರೀಯ ಒಡಂಬಡಿಕೆಯಲ್ಲಿ ಎರಡು ಹಂತ ಇದೆ. ಸಹಿ ಅಂದ್ರೆ ನಿಶ್ಚಿತಾರ್ಥ ಇದ್ದ ಹಾಗೆ. ನಾವು ಒಪ್ಪಿದ್ದೀವಿ ಅಂತ ನಾಲ್ಕು ಜನರ ಮುಂದೆ ಹೇಳೋದು. ಅನುಮೋದನೆ ಅಂದ್ರೆ ಮದುವೆ. ಆ ಪತ್ರ ವಿಶ್ವಸಂಸ್ಥೆಗೆ ತಲುಪಿದ ಮೇಲೇ ದೇಶ ಕಟ್ಟುಬೀಳೋದು. ನಮ್ಮಲ್ಲಿ ಅನುಮೋದನೆಗೆ ಸಂಸತ್ತಿನ ಮತ ಕೂಡ ಬೇಕಿಲ್ಲ, ಕೇಂದ್ರ ಸಚಿವ ಸಂಪುಟ ತೀರ್ಮಾನ ಮಾಡಿದರೆ ಸಾಕು. ಒಡಂಬಡಿಕೆಯನ್ನ ಜಾರಿಗೆ ತರೋ ಕಾನೂನು ಮಾಡುವ ಅಧಿಕಾರವನ್ನ ಸಂವಿಧಾನದ 253ನೇ ವಿಧಿ ಸಂಸತ್ತಿಗೆ ಕೊಟ್ಟಿದೆ. ದಾರಿ ತೆರೆದೇ ಇತ್ತು.

ನಾವು ಸಹಿ ಹಾಕಿ ಐದೇ ದಿನಕ್ಕೆ, 2005ರ ಡಿಸೆಂಬರ್ 14ರಂದು, ಒಡಂಬಡಿಕೆ ಜಾರಿಗೆ ಬಂತು. ಜಾರಿಗೆ 30 ದೇಶಗಳ ಅನುಮೋದನೆ ಬೇಕಿತ್ತು, ಅಷ್ಟು ಬಂದಿತ್ತು. ಆ ಮೂವತ್ತರಲ್ಲಿ ನಾವಿಲ್ಲ. ನೆರೆಹೊರೆ ನೋಡಿ. ಶ್ರೀಲಂಕಾ 2004ರಲ್ಲೇ ಅನುಮೋದಿಸಿತ್ತು. ಚೀನಾ 2006. ಬಾಂಗ್ಲಾದೇಶ, ಪಾಕಿಸ್ತಾನ 2007. ಅಫ್ಘಾನಿಸ್ತಾನ 2008. ನೇಪಾಳ 2011ರ ಮಾರ್ಚ್. ಭಾರತ 2011ರ ಮೇ 9. ಸಹಿ ಹಾಕಿದ ದಿನದಿಂದ ಲೆಕ್ಕ ಹಾಕಿದ್ರೆ ಐದು ವರ್ಷ ಐದು ತಿಂಗಳು.

ನ್ಯಾಯವಾಗಿ ಹೇಳಬೇಕಂದ್ರೆ ನಮಗಿಂತ ತಡ ಮಾಡಿದವರೂ ಇದ್ದಾರೆ. ಜರ್ಮನಿ ಅನುಮೋದಿಸಿದ್ದು 2014ರಲ್ಲಿ, ಜಪಾನ್ 2017ರಲ್ಲಿ. ಜರ್ಮನಿಯಲ್ಲಿ ಅಡ್ಡಿಯಾಗಿದ್ದದ್ದು ಸಂಸದರ ಲಂಚದ ಬಗೆಗಿನ ಕಾನೂನು. ಅದನ್ನ ಬಿಗಿ ಮಾಡಿ ಆಮೇಲೆ ಅನುಮೋದಿಸಿದರು. ಇನ್ನೊಂದು ಮಾತು: ಬೇಗ ಅನುಮೋದಿಸಿದ ದೇಶಗಳಲ್ಲೆಲ್ಲ ಲಂಚ ನಿಂತುಹೋಯಿತು ಅಂತ ನಾನು ಹೇಳ್ತಿಲ್ಲ. ಪತ್ರ ಕೊಟ್ಟ ಮಾತ್ರಕ್ಕೆ ಲಂಚ ನಿಲ್ಲಲ್ಲ.

ನಮ್ಮ ಸರ್ಕಾರ ಕೊಟ್ಟ ಕಾರಣ ಏನು? ಮೊದಲು ದೇಶದ ಕಾನೂನುಗಳನ್ನ ಒಡಂಬಡಿಕೆಗೆ ಹೊಂದಿಸಬೇಕು, ಆಮೇಲೆ ಅನುಮೋದನೆ ಅಂತ. ಕೇಳೋಕೆ ಸರಿಯಾಗೇ ಇದೆ. ಜರ್ಮನಿ ಮಾಡಿದ್ದೂ ಅದನ್ನೇ. ಆದ್ರೆ ಆ ಐದು ವರ್ಷ ಐದು ತಿಂಗಳಲ್ಲಿ ನಮ್ಮಲ್ಲಿ ಯಾವ ಕಾನೂನು ಹೊಂದಿಸಿದರು? ಭ್ರಷ್ಟಾಚಾರ ತಡೆ ಕಾಯ್ದೆ 1988ರದ್ದು ಹೇಗಿತ್ತೋ ಹಾಗೇ ಇತ್ತು. ದೂರುದಾರರ ರಕ್ಷಣೆಯ ಮಸೂದೆ ಲೋಕಸಭೆಗೆ ಬಂದದ್ದು 2010ರಲ್ಲಿ. ವಿದೇಶಿ ಅಧಿಕಾರಿಗಳಿಗೆ ಲಂಚ ಕೊಡೋದನ್ನ ತಡೆಯೋ ಮಸೂದೆ ಬಂದದ್ದು 2011ರ ಮಾರ್ಚಲ್ಲಿ. ಅನುಮೋದನೆ ಕೊಟ್ಟ ದಿನ ಎರಡೂ ಕಾಯ್ದೆ ಆಗಿರಲಿಲ್ಲ.

ಹಾಗಾದ್ರೆ 2011ರಲ್ಲಿ ಯಾಕೆ ಅವಸರ ಬಂತು? ಕಾಲ ನೆನಪಿಸಿಕೊಳ್ಳಿ. 2010ರ ನವೆಂಬರಲ್ಲಿ ಸಿಎಜಿ 2ಜಿ ವರದಿ ಬಂತು, 1.76 ಲಕ್ಷ ಕೋಟಿ ಅನ್ನೋ ಅಂಕಿ ಮನೆಮನೆ ಮಾತಾಯಿತು. ಕಾಮನ್‌ವೆಲ್ತ್ ಕ್ರೀಡಾಕೂಟದ ಹಗರಣ. ಅದೇ ನವೆಂಬರಲ್ಲಿ ಸೋಲ್‌ನಲ್ಲಿ ಸೇರಿದ ಜಿ20 ದೇಶಗಳು ಸದಸ್ಯರೆಲ್ಲ ಈ ಒಡಂಬಡಿಕೆಯನ್ನ ಅನುಮೋದಿಸಬೇಕು ಅಂತ ಕಾರ್ಯಯೋಜನೆ ಮಾಡಿದವು. 2011ರ ಏಪ್ರಿಲ್ 5ಕ್ಕೆ ದೆಹಲಿಯಲ್ಲಿ ಅಣ್ಣಾ ಹಜಾರೆ ಉಪವಾಸ ಕೂತರು. ಅದು ಮುಗಿದು ಸರಿಯಾಗಿ ಒಂದು ತಿಂಗಳಿಗೆ ಅನುಮೋದನೆ. ಆಗಿನ ಸರ್ಕಾರಕ್ಕೆ ಏನಾದ್ರೂ ಮಾಡಿದೆ ಅಂತ ತೋರಿಸಬೇಕಿತ್ತು.

ಇದನ್ನ ಕಾಂಗ್ರೆಸ್ಸಿನ ವಿರುದ್ಧದ ಪೋಸ್ಟ್ ಅಂತ ಯಾರೂ ಷೇರ್ ಮಾಡ್ಕೋಬೇಡಿ. ಮೆರಿಡಾದಲ್ಲಿ ಸಹಿ ಹಾಕದೇ ಇದ್ದದ್ದು ವಾಜಪೇಯಿ ಸರ್ಕಾರ. ಕೊನೇ ದಿನ ಸಹಿ ಹಾಕಿ ಐದು ವರ್ಷ ಕೂತದ್ದು ಮನಮೋಹನ್ ಸಿಂಗ್ ಸರ್ಕಾರ. ಆಮೇಲೆ ಬಂದವರದ್ದು ಮುಂದೆ ಹೇಳ್ತೀನಿ.

ಆ ಐದು ವರ್ಷದಲ್ಲಿ ನಮ್ಮ ಕೋಲಾರ

2000ದ ಮಾರ್ಚಲ್ಲಿ ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ನಮ್ಮ ಏಳು ಜನರನ್ನ ಜೀವಂತ ಸುಟ್ಟರು. 2006ರ ಡಿಸೆಂಬರಲ್ಲಿ ಕೋರ್ಟು ಆರೋಪಿಗಳನ್ನ ಬಿಡುಗಡೆ ಮಾಡಿತು. ಕಾರಣ: ಸಾಕ್ಷಿಗಳು ತಿರುಗಿಬಿದ್ದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು.

ಕಂಬಾಲಪಲ್ಲಿ ಲಂಚದ ಕೇಸಲ್ಲ, ನನಗೆ ಗೊತ್ತು. ಒಡಂಬಡಿಕೆಯ 32ನೇ ವಿಧಿ ಸಾಕ್ಷಿಗಳ ರಕ್ಷಣೆ ಅನ್ನೋದು ಭ್ರಷ್ಟಾಚಾರದ ಕೇಸುಗಳಿಗೆ ಮಾತ್ರ. ಆದ್ರೆ ಒಂದು ದೇಶ ಸಾಕ್ಷಿ ರಕ್ಷಣೆಯ ವ್ಯವಸ್ಥೆ ಕಟ್ಟೋಕೆ ಶುರು ಮಾಡಿದ್ರೆ ಅದು ಲಂಚದ ಕೇಸಿಗಷ್ಟೇ ನಿಲ್ಲಲ್ಲ. ನಮ್ಮಲ್ಲಿ ದೇಶಕ್ಕೆಲ್ಲ ಅನ್ವಯಿಸೋ ಸಾಕ್ಷಿ ರಕ್ಷಣಾ ಯೋಜನೆ ಅಂತ ಬಂದದ್ದು 2018ರ ಡಿಸೆಂಬರಲ್ಲಿ, ಸುಪ್ರೀಂ ಕೋರ್ಟು ಮುದ್ರೆ ಒತ್ತಿದ ಮೇಲೆ. ಕಂಬಾಲಪಲ್ಲಿಗೆ ಅದು ಯಾವ ಉಪಯೋಗಕ್ಕೂ ಬರಲಿಲ್ಲ. ಸಾಕ್ಷಿ ಯಾಕೆ ತಿರುಗಿಬೀಳ್ತಾನೆ ಅಂತ ಹೊರಗಿನವರು ಕೇಳ್ತಾರೆ. ಸಾಕ್ಷಿ ಹೇಳಿದ ಸಂಜೆ ಅವನು ಅದೇ ಊರಿಗೆ ವಾಪಸ್ ಹೋಗಬೇಕು. ಅದೇ ಹೊಲಕ್ಕೆ ಕೂಲಿಗೆ ಹೋಗಬೇಕು.

ಈಗ ನಮ್ಮಪ್ಪನ ಬೋರ್‌ವೆಲ್ ಕಥೆ. ಆಫೀಸಿನ ಹೆಸರು, ಜನರ ಹೆಸರು ಹೇಳಲ್ಲ. ಬೇಡ.

ಅಪ್ಪನಿಗೆ ದರಖಾಸ್ತಲ್ಲಿ ಬಂದ ಎರಡು ಎಕರೆ ಇತ್ತು. 2005ರಲ್ಲಿ ಸರ್ಕಾರಿ ಯೋಜನೆಯಲ್ಲಿ ಬೋರ್‌ವೆಲ್‌ಗೆ ಅರ್ಜಿ ಹಾಕಿದ್ವಿ. ಪಟ್ಟಿಯಲ್ಲಿ ಹೆಸರು ಬಂತು, ಫೈಲು ನಿಂತುಹೋಯಿತು. ಮಧ್ಯದವನೊಬ್ಬ ಬಂದು ಎಂಟು ಸಾವಿರ ಅಂದ. ಎರಡು ಸೀಮೆಹಸು ಇತ್ತು, ಒಂದನ್ನ ಮಾರಿ ಕೊಟ್ಟೆವು. ಆಮೇಲೆ ಗಾಡಿ ಬಂತು. ರಾತ್ರಿಯೆಲ್ಲ ಕೊರೆದರು. ಅಪ್ಪ ಓದಿಲ್ಲ, ಆದ್ರೆ ಗಾಡಿ ಪಕ್ಕದಲ್ಲೇ ಕೂತು ಒಂದೊಂದು ರಾಡು ಇಳಿದಾಗಲೂ ಒಂದೊಂದು ಕಲ್ಲು ಎತ್ತಿಟ್ಟಿದ್ದ. ಬೆಳಗ್ಗೆ ಎಣಿಸಿದ್ರೆ 26 ಕಲ್ಲು. ರಾಡು 20 ಅಡಿ ಅಂತ ಗಾಡಿಯವರೇ ಹೇಳಿದ್ದರು. ಅಲ್ಲಿಗೆ 520 ಅಡಿ. ನೀರು ಸಣ್ಣಗೆ ಬಂತು, ಎರಡು ಬೇಸಿಗೆಗೆ ನಿಂತೋಯ್ತು.

2005ರ ಅಕ್ಟೋಬರಿಂದ ಮಾಹಿತಿ ಹಕ್ಕು ಕಾಯ್ದೆ ಜಾರಿಗೆ ಬಂದಿತ್ತು. ನಮ್ಮ ಕರ್ನಾಟಕದಲ್ಲಂತೂ ಅದಕ್ಕೂ ಮೊದಲೇ, 2000ದಲ್ಲೇ, ರಾಜ್ಯದ್ದೇ ಒಂದು ಮಾಹಿತಿ ಹಕ್ಕು ಕಾಯ್ದೆ ಆಗಿತ್ತು. ಡಿಎಸ್ಎಸ್‌ನ ಒಬ್ಬ ಅಣ್ಣ ನನಗೆ ಅರ್ಜಿ ಬರೆಯೋದು ಹೇಳಿಕೊಟ್ಟರು. 2007ರಲ್ಲಿ ಹಾಕಿದೆ. ಬಿಲ್ಲಿನ ನಕಲು ಕೈಗೆ ಬಂತು. ಅದರಲ್ಲಿ ಆಳ 740 ಅಡಿ. ನಮ್ಮ ಒಂದೇ ಬೋರಲ್ಲಿ 220 ಅಡಿ ಕಾಗದದಲ್ಲೇ ಕೊರೆದಿದ್ದರು. ಆ ಪಟ್ಟಿಯಲ್ಲಿ ನಮ್ಮ ಕೇರಿಯವರದ್ದೇ ಇನ್ನೂ ಹನ್ನೊಂದು ಬೋರ್ ಇತ್ತು.

ನಾನು ದೂರು ಬರೆದೆ. ದೂರಿಗೆ ಉತ್ತರ ಬರೋಕ್ಕೆ ಮೊದಲು ಸುದ್ದಿ ಊರಿಗೆ ಬಂತು. ಊರಿನ ದೊಡ್ಡ ಮನುಷ್ಯರೊಬ್ಬರು ಅಪ್ಪನನ್ನ ಕರೆಸಿ, ಬೈಯ್ಯಲೂ ಇಲ್ಲ, ಹೊಡೆಯಲೂ ಇಲ್ಲ, "ನಿನ್ನ ಮಗ ಚೆನ್ನಾಗಿ ಓದಿಕೊಂಡಿದ್ದಾನಲ್ಲಪ್ಪ" ಅಂದರಂತೆ. ಅಷ್ಟೇ. ಜೊತೆಗೆ ನನ್ನ ದೂರಿನ ಜೆರಾಕ್ಸ್ ಪ್ರತಿಯನ್ನ ಟೇಬಲ್ ಮೇಲೆ ಇಟ್ಟಿದ್ದರು.

ಅಪ್ಪ ಮನೆಗೆ ಬಂದು ನನಗೆ ಹೇಳಿದ್ದು ಇಷ್ಟು: "ನೀನು ಸೋಮವಾರ ಬಸ್ಸು ಹತ್ತಿ ಹೋಗ್ತೀಯ. ನಾವು ಇಲ್ಲೇ ಇರಬೇಕಲ್ಲಪ್ಪ."

ನಾನು ದೂರು ವಾಪಸ್ ತಗೊಂಡೆ. ತಪ್ಪು ತಿಳುವಳಿಕೆಯಿಂದ ಬರೆದಿದ್ದೆ ಅಂತ ನನ್ನ ಕೈಯಾರೆ ಬರೆದುಕೊಟ್ಟೆ. ಇದನ್ನ ನಾನು ಯಾವ ವೇದಿಕೆಯಲ್ಲೂ ಹೇಳಿಕೊಂಡಿಲ್ಲ. ಇವತ್ತು ಹೇಳ್ತಿದೀನಿ. ಅಪ್ಪ ಈಗಿಲ್ಲ.

ಒಡಂಬಡಿಕೆಗೆ ಸಹಿ ಬಿದ್ದು ಆಗ ಎರಡು ವರ್ಷ ಆಗುತ್ತಾ ಬಂದಿತ್ತು. ಅದರ 33ನೇ ವಿಧಿ ದೂರು ಕೊಟ್ಟವರ ರಕ್ಷಣೆಯ ಬಗ್ಗೆ ಮಾತಾಡುತ್ತೆ ಅಂತ ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ರೂ ಪ್ರಯೋಜನ ಇರಲಿಲ್ಲ ಬಿಡಿ.

ಒಡಂಬಡಿಕೆಯಿಂದ ನಮ್ಮನೆಗೆ ಬಂದದ್ದು ಏನು

ಅನುಮೋದನೆ ಆದ ಮೇಲೆ ಏನಾಯಿತು ಅನ್ನೋದು ತಡ ಆದದ್ದಕ್ಕಿಂತ ಮುಖ್ಯ. ಮೂರು ಕಾನೂನುಗಳನ್ನ ನೋಡಿ.

ಒಂದು. ವಿದೇಶಿ ಅಧಿಕಾರಿಗಳಿಗೆ ಕಂಪನಿಗಳು ಲಂಚ ಕೊಡೋದು. ಒಡಂಬಡಿಕೆಯ 16ನೇ ವಿಧಿ ಇದನ್ನ ಅಪರಾಧ ಮಾಡಲೇಬೇಕು ಅಂತ ಕಡ್ಡಾಯವಾಗಿ ಹೇಳುತ್ತೆ. 2011ರ ಮಸೂದೆ 2014ರಲ್ಲಿ ಲೋಕಸಭೆಯ ಅವಧಿ ಮುಗಿದಾಗ ಬಿದ್ದುಹೋಯಿತು. 2015ರಲ್ಲಿ ಕಾನೂನು ಆಯೋಗ ಈ ಬಗ್ಗೆ ಮತ್ತೆ ಒಂದು ವರದಿ ಕೊಟ್ಟಿತು. ಇವತ್ತಿಗೂ ಆ ಕಾನೂನು ಇಲ್ಲ.

ಎರಡು. ದೂರುದಾರರ ರಕ್ಷಣೆ. 2010ರ ಮಸೂದೆ ಎರಡೂ ಸದನ ದಾಟಿ 2014ರ ಮೇ 9ರಂದು ರಾಷ್ಟ್ರಪತಿಗಳ ಅಂಕಿತ ಪಡೆಯಿತು. ಅನುಮೋದನೆ ಕೊಟ್ಟು ಅವತ್ತಿಗೆ ಸರಿಯಾಗಿ ಮೂರು ವರ್ಷ. ಕಾಯ್ದೆ ಆಯಿತು, ಆದ್ರೆ ಜಾರಿಗೆ ಬರೋ ದಿನಾಂಕವನ್ನ ಕೇಂದ್ರ ಸರ್ಕಾರ ಅಧಿಸೂಚನೆಯಲ್ಲಿ ಹೇಳಬೇಕಿತ್ತು. ಮೋದಿ ಸರ್ಕಾರ ಆ ದಿನಾಂಕ ಹೇಳಲಿಲ್ಲ. ಮೊದಲು ತಿದ್ದಬೇಕು, ದೇಶದ ಭದ್ರತೆಗೆ ಧಕ್ಕೆ ಆಗೋ ಮಾಹಿತಿ ಹೊರಬರಬಾರದು ಅಂತ 2015ರಲ್ಲಿ ತಿದ್ದುಪಡಿ ಮಸೂದೆ ತಂದರು. ಅದು ಲೋಕಸಭೆ ದಾಟಿತು, ರಾಜ್ಯಸಭೆ ದಾಟಲಿಲ್ಲ, 2019ರಲ್ಲಿ ಬಿದ್ದುಹೋಯಿತು. ಕಾಯ್ದೆ ಪುಸ್ತಕದಲ್ಲಿದೆ, ಜಾರಿಯಲ್ಲಿಲ್ಲ.

ಮೂರು. ಭ್ರಷ್ಟಾಚಾರ ತಡೆ ಕಾಯ್ದೆಯ ತಿದ್ದುಪಡಿ. ಇದು ಮಾತ್ರ ಪಾಸಾಯಿತು, 2018ರ ಜುಲೈ 26ರಿಂದ ಜಾರಿಗೂ ಬಂತು. ಒಡಂಬಡಿಕೆಗೆ ಹೊಂದಿಸೋಕೆ ಅಂತಲೇ ಇದನ್ನ ತಂದರು. ಇದರಲ್ಲಿ ಏನಿದೆ? ಲಂಚ ಕೊಟ್ಟವನೂ ನೇರವಾಗಿ ಅಪರಾಧಿ, ಏಳು ವರ್ಷದವರೆಗೆ ಶಿಕ್ಷೆ. ಮೊದಲೂ ಕೊಟ್ಟವನು ಕುಮ್ಮಕ್ಕು ಕೊಟ್ಟವನು ಅಂತ ಸಿಕ್ಕಿಬೀಳಬಹುದಿತ್ತು, ಆದ್ರೆ ನಾನು ಕೊಟ್ಟೆ ಅಂತ ಮುಂದೆ ಬಂದು ಹೇಳಿಕೆ ಕೊಟ್ಟವನಿಗೆ 24ನೇ ಕಲಮಿನಲ್ಲಿ ರಕ್ಷಣೆ ಇತ್ತು. ಆ ಕಲಮನ್ನ ತೆಗೆದುಹಾಕಿದರು. ಬಲವಂತದಿಂದ ಕೊಟ್ಟವನಿಗೆ ವಿನಾಯಿತಿ ಇದೆ, ಆದ್ರೆ ಅವನು ಏಳು ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಬೇಕು.

ಅದೇ ತಿದ್ದುಪಡಿಯಲ್ಲಿ 17ಎ ಅನ್ನೋ ಹೊಸ ಕಲಮು ಸೇರಿತು. ಅಧಿಕಾರಿ ತನ್ನ ಕರ್ತವ್ಯದಲ್ಲಿ ತಗೊಂಡ ತೀರ್ಮಾನದ ಬಗ್ಗೆ ವಿಚಾರಣೆ ಶುರು ಮಾಡಬೇಕಾದ್ರೂ ಮೊದಲು ಸರ್ಕಾರದ ಅನುಮತಿ ಬೇಕು ಅಂತ. ಕೈಯಾರೆ ಸಿಕ್ಕಿಬಿದ್ದ ಟ್ರ್ಯಾಪ್ ಕೇಸಿಗೆ ಬೇಡ, ಮಿಕ್ಕಿದ್ದಕ್ಕೆ ಬೇಕು.

ನ್ಯಾಯಕ್ಕೆ ಇನ್ನೂ ಒಂದು ಮಾತು ಹೇಳಬೇಕು. ಲಂಚ ಕೊಡೋದನ್ನ ಅಪರಾಧ ಮಾಡಿ ಅನ್ನೋದು ಒಡಂಬಡಿಕೆಯ 15ನೇ ವಿಧಿಯಲ್ಲಿ ಕಡ್ಡಾಯ. ದೂರುದಾರರ ರಕ್ಷಣೆಯ 33ನೇ ವಿಧಿಯಲ್ಲಿ ಮಾತ್ರ "ಪರಿಗಣಿಸಬೇಕು" ಅಂತ ಮೆತ್ತಗೆ ಹೇಳಿದ್ದಾರೆ. ವಿಯೆನ್ನಾದಲ್ಲಿ ಕೂತವರೂ ಸರ್ಕಾರಗಳೇ ತಾನೆ. ಆದ್ರೆ ಕಡ್ಡಾಯ ಅನ್ನೋದೇ ಕಾರಣ ಆಗಿದ್ರೆ, 16ನೇ ವಿಧಿ, ಹೊರದೇಶದಲ್ಲಿ ಲಂಚ ಕೊಡೋ ಕಂಪನಿಗಳ ವಿಧಿ, ಅದೂ ಕಡ್ಡಾಯವೇ. ಅದು ಯಾಕೆ ಬರಲಿಲ್ಲ?

ಈಗ ನಮ್ಮಪ್ಪನನ್ನ ಈ ಹೊಸ ಕಾನೂನಲ್ಲಿ ಇಟ್ಟು ನೋಡಿ. ಹಸು ಮಾರಿ ಎಂಟು ಸಾವಿರ ಕೊಟ್ಟ ಅಪ್ಪ ಏಳು ದಿನದೊಳಗೆ ಪೊಲೀಸ್ ಸ್ಟೇಷನ್‌ಗೆ ಹೋಗಬೇಕಿತ್ತು. ಅಲ್ಲಿ ಹೋಗಿ ಊರಿನ ದೊಡ್ಡವರ ಕಡೆಯವನಿಗೆ ದುಡ್ಡು ಕೊಟ್ಟೆ ಅಂತ ಹೇಳಬೇಕಿತ್ತು. ಹೇಳದಿದ್ರೆ ಅಪ್ಪನೂ ಆರೋಪಿ. ಹೇಳಿದ್ರೆ ಅವನ ಹೆಸರನ್ನ ಗುಟ್ಟಾಗಿಡೋ ಕಾಯ್ದೆ ಜಾರಿಯಲ್ಲಿಲ್ಲ. 26 ಕಲ್ಲು ಎಣಿಸಿದವನಿಗೆ ಏಳು ದಿನ. 740 ಅಡಿ ಬರೆದವನನ್ನ ವಿಚಾರಿಸಬೇಕಂದ್ರೆ ಮೇಲಿನವರ ಅನುಮತಿ.

ಒಂದೇ ಒಡಂಬಡಿಕೆಯಿಂದ ಬಡವನನ್ನ ಕಟ್ಟೋ ಹಗ್ಗ ಬೇಗ ಬಂತು, ಅವನನ್ನ ಕಾಯೋ ಬೇಲಿ ಬರಲೇ ಇಲ್ಲ. ನಾನು ಹೇಳಬೇಕಾಗಿದ್ದ ಮುಖ್ಯ ಮಾತು ಇದೇ.

ಇದು ನಮ್ಮ ಪ್ರಶ್ನೆ ಯಾಕೆ

ಕೆಲವರು ಕೇಳ್ತಾರೆ, ಭ್ರಷ್ಟಾಚಾರ ಅನ್ನೋದು ಮೇಲ್ಜಾತಿ ಮಧ್ಯಮ ವರ್ಗದ ಚಳವಳಿ, ಮೀಸಲಾತಿ ವಿರೋಧಿಗಳೇ ಅಲ್ಲಿ ಮೇಣದಬತ್ತಿ ಹಿಡಿದು ನಿಂತಿದ್ದರು, ನಮಗೇನು ಅಂತ. 2011ರಲ್ಲಿ ನಾನೂ ಹಾಗೇ ಅಂದಿದ್ದೆ. ಆ ಅನುಮಾನ ಪೂರ್ತಿ ಸುಳ್ಳೂ ಅಲ್ಲ.

ಆದ್ರೆ ಕದಿಯೋದು ಯಾರ ದುಡ್ಡು ಅಂತ ನೋಡಿ. ನಮ್ಮ ರಾಜ್ಯದಲ್ಲಿ 2013ರಲ್ಲಿ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಆಯಿತು, ನಮ್ಮ ಜನಸಂಖ್ಯೆಗೆ ತಕ್ಕ ಪಾಲು ಬಜೆಟ್ಟಿನಲ್ಲಿ ಇಡಬೇಕು ಅಂತ. ಆ ಪಾಲು ಕಾಗದದಲ್ಲಿ ಬಂದು ಕಾಗದದಲ್ಲೇ ಹೋಗಬಾರದು ಅಂದ್ರೆ ಒಳಗಿನವರು ಯಾರಾದ್ರೂ ಬಾಯಿ ಬಿಡಬೇಕು. 2024ರ ಮೇ ತಿಂಗಳು ನೆನಪಿಸಿಕೊಳ್ಳಿ. ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ಸುಮಾರು 187 ಕೋಟಿ ರೂಪಾಯಿ ಅಕ್ರಮವಾಗಿ ವರ್ಗಾವಣೆ ಆಗಿದೆ ಅನ್ನೋದು ಹೊರಗೆ ಬಂತು. ಹೇಗೆ ಬಂತು? ಆ ನಿಗಮದ ಲೆಕ್ಕ ವಿಭಾಗದ ಅಧೀಕ್ಷಕರು ಪತ್ರ ಬರೆದಿಟ್ಟು ಶಿವಮೊಗ್ಗದ ತಮ್ಮ ಮನೆಯಲ್ಲಿ ಪ್ರಾಣ ಕಳೆದುಕೊಂಡ ಮೇಲೆ. ಬದುಕಿರುವಾಗ ಹೋಗಿ ಹೇಳೋಕೆ, ಹೇಳಿ ನೆಮ್ಮದಿಯಾಗಿ ಮನೆಗೆ ವಾಪಸ್ ಬರೋಕೆ ಒಂದು ಜಾಗ ಇದ್ದಿದ್ರೆ? ಇದನ್ನ ಓದುವಾಗ ನನಗೆ ನನ್ನದೇ ಟೇಬಲ್ ಕಾಣ್ತಿತ್ತು. ಅವರೂ ನನ್ನ ಹಾಗೇ ಲೆಕ್ಕ ಬರೆಯೋರು.

2018ರಲ್ಲಿ ಗುಜರಾತಿನ ರಾಜ್‌ಕೋಟ್ ಜಿಲ್ಲೆಯ ಒಂದು ಹಳ್ಳಿಯಲ್ಲಿ ರಸ್ತೆ ಕಾಮಗಾರಿಯ ಲೆಕ್ಕ ಕೇಳಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದ ದಲಿತರೊಬ್ಬರನ್ನ ಹೊಡೆದು ಕೊಂದರು. 2008ರಲ್ಲಿ ಜಾರ್ಖಂಡದಲ್ಲಿ ಉದ್ಯೋಗ ಖಾತರಿ ಲೆಕ್ಕ ಪರಿಶೋಧನೆಗೆ ನಿಂತ ಲಲಿತ್ ಮೆಹ್ತಾ ಅವರನ್ನ ಕೊಂದರು. ಎಂಟು ಸಾವಿರದ ಲೆಕ್ಕ, ಕೂಲಿ ಚೀಟಿಯ ಲೆಕ್ಕ, ಹಳ್ಳಿ ರಸ್ತೆಯ ಲೆಕ್ಕ ಕೇಳೋರು ನಾವೇ. ಯಾಕಂದ್ರೆ ಕಳುವಾಗೋದು ನಮ್ಮದೇ.

ಇದರ ಮೇಲೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 44ನೇ ಕಲಮು ಮಾಹಿತಿ ಹಕ್ಕು ಕಾಯ್ದೆಯನ್ನೇ ತಿದ್ದಿದೆ. ವೈಯಕ್ತಿಕ ಮಾಹಿತಿ ಅಂದ್ರೆ ಕೊಡಬೇಕಿಲ್ಲ ಅಂತ. ಫಲಾನುಭವಿಗಳ ಪಟ್ಟಿಯಲ್ಲಿ ಇರೋದೆಲ್ಲ ಯಾರದೋ ಹೆಸರೇ ತಾನೆ? 2007ರಲ್ಲಿ ನನಗೆ ಸಿಕ್ಕ ಆ ನಕಲು ಇವತ್ತು ಸಿಗುತ್ತಾ ಅಂತ ನನಗೆ ಅನುಮಾನ.

ಏನು ಮಾಡೋಣ

ದೊಡ್ಡ ಮಾತು ಬೇಡ. ಕೇಳಬೇಕಾಗಿರೋದು ಒಂದೇ ಒಂದು ದಿನಾಂಕ. ದೂರುದಾರರ ರಕ್ಷಣಾ ಕಾಯ್ದೆ, 2014, ಯಾವ ದಿನದಿಂದ ಜಾರಿ? ಹೊಸ ಕಾನೂನು ಬೇಕಿಲ್ಲ, ಹೊಸ ಮತದಾನ ಬೇಕಿಲ್ಲ. ಒಂದು ಅಧಿಸೂಚನೆ ಸಾಕು. ನನ್ನಂಥ ಗುಮಾಸ್ತ ಅರ್ಧ ದಿನದಲ್ಲಿ ಟೈಪ್ ಮಾಡಿಕೊಡ್ತಾನೆ.

ಈ ವಾರ ನಾನು ಕೇಂದ್ರದ ಸಿಬ್ಬಂದಿ ಮತ್ತು ತರಬೇತಿ ಇಲಾಖೆಗೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕ್ತಿದೀನಿ. ಆ ಕಾಯ್ದೆಯ ಜಾರಿ ದಿನಾಂಕದ ಕಡತ ಈಗ ಯಾರ ಮುಂದೆ ಇದೆ, ಅದರಲ್ಲಿ ಬರೆದಿರೋ ಟಿಪ್ಪಣಿಗಳ ನಕಲು ಕೊಡಿ ಅಂತ. ನನ್ನ ಹೆಸರಲ್ಲೇ ಹಾಕ್ತೀನಿ. ಈ ಸಲ ವಾಪಸ್ ತಗೊಳ್ಳಲ್ಲ.

ನಿಮಗೊಂದು ಮಾತು. ನಿಮ್ಮೂರಿನ ಬೋರ್, ಮನೆ, ರಸ್ತೆ, ಹಾಸ್ಟೆಲ್ ಲೆಕ್ಕ ಕೇಳೋದಾದ್ರೆ ದಯವಿಟ್ಟು ಒಬ್ಬರೇ ಕೇಳಬೇಡಿ. ಒಂದೇ ಪ್ರಶ್ನೆಯನ್ನ ಹತ್ತು ಜನ, ಬೇರೆ ಬೇರೆ ಊರಿನವರು, ಒಂದೇ ದಿನ ಹಾಕಿ. ಯಾರ ಅಪ್ಪನನ್ನ ಕರೆಸಬೇಕು ಅಂತ ಅವರಿಗೆ ಗೊತ್ತಾಗಬಾರದು. ಸರ್ಕಾರ ಕಾಯ್ದೆ ಜಾರಿ ಮಾಡೋವರೆಗೆ ನಮ್ಮ ಬೇಲಿ ನಾವೇ ಹಾಕ್ಕೋಬೇಕು.

ಆ 26 ಕಲ್ಲು ನಮ್ಮ ಹೊಲದ ಬದುವಿನಲ್ಲಿ ಇನ್ನೂ ಇವೆ. ಅಮ್ಮ ಯಾರಿಗೂ ತೆಗೆಯೋಕೆ ಬಿಟ್ಟಿಲ್ಲ.

ಜೈ ಭೀಮ್.